ಪಾರಿವಾಳ ಕಲಿಯುವುದು ಬರೀ ಕಾಳಿನ ಆಸೆಗೇ?

ಕಾಳು ಹಾಕಿದರೆ ಹಕ್ಕಿ ಕಲಿಯುತ್ತದೆ, ಇನ್ನಷ್ಟು ಹಾಕಿದರೆ ಇನ್ನೂ ಬೇಗ ಕಲಿಯುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ಮನೋವಿಜ್ಞಾನದಲ್ಲೂ ದೀರ್ಘಕಾಲ ಹೆಚ್ಚುಕಡಿಮೆ ಇದೇ ಲೆಕ್ಕ ನಡೆದಿತ್ತು. ಮನೋವಿಜ್ಞಾನಿ ಥಾರ್ನ್‌ಡೈಕ್ ಕಾಲದಿಂದಲೂ ಬಹುಮಾನವೆಂದರೆ ಆಗಷ್ಟೇ ಮಾಡಿದ ಕೆಲಸವನ್ನು ಅಂಟಿಸಿಡುವ ಗೋಂದು. ಅದು ಕಾಳೋ ನೀರೋ ಎಂಬುದು ಮುಖ್ಯವಲ್ಲ. ಇದು ಅರ್ಧಸತ್ಯ. ಬಹುಮಾನ ಕೈಗೆ, ಅಲ್ಲ, ಕೊಕ್ಕಿಗೆ ಸಿಗುವ ಮುನ್ನವೇ ಅದರ ನಿರೀಕ್ಷೆ ಹಕ್ಕಿಯ ನೆನಪಿಗೆ ಆಸರೆಯಾಗುತ್ತದೆ.

ಪ್ರಯೋಗಶಾಲೆಯ ಪೆಟ್ಟಿಗೆಯೊಂದರಲ್ಲಿ ಮೂರು ಗುಂಡಿಗಳಿವೆ ಎನ್ನಿ. ನಡುವಿನದು ಕೆಂಪಾಗಿಯೋ ಹಸಿರಾಗಿಯೋ ಬೆಳಗಿ ಆರುತ್ತದೆ. ಕೆಲವು ಸೆಕೆಂಡು ಕಳೆದ ಮೇಲೆ ಅಕ್ಕಪಕ್ಕದ ಗುಂಡಿಗಳಲ್ಲಿ ಒಂದು ಅಡ್ಡಗೆರೆ, ಒಂದು ಉದ್ದಗೆರೆ ಮೂಡುತ್ತವೆ. ಕೆಂಪು ಕಂಡಿದ್ದರೆ ಉದ್ದಗೆರೆಯನ್ನು, ಹಸಿರು ಕಂಡಿದ್ದರೆ ಅಡ್ಡಗೆರೆಯನ್ನು ಕುಟುಕಬೇಕು. ಕಾಯುವ ಹೊತ್ತು ಹೆಚ್ಚಿದಂತೆ ಪಾರಿವಾಳ ಎಡವುವುದೂ ಹೆಚ್ಚು. ಇಂಥದ್ದೇ ಕೆಲಸವನ್ನು ಬ್ರಾಡಿಗನ್ ಮತ್ತು ಪೀಟರ್ಸನ್ 1976ರಲ್ಲಿ ಹಸಿದು ಬಾಯಾರಿದ ಪಾರಿವಾಳಗಳಿಗೆ ಕೊಟ್ಟರು. ಕೆಲವಕ್ಕೆ ಒಂದು ಬಣ್ಣದ ಸರಿಯುತ್ತರಕ್ಕೆ ಯಾವಾಗಲೂ ಕಾಳು, ಇನ್ನೊಂದಕ್ಕೆ ಯಾವಾಗಲೂ ನೀರು. ಉಳಿದವಕ್ಕೆ ಎರಡೂ ಕಲಸುಮೇಲೋಗರ. ಬಹುಮಾನ ನಿಗದಿಯಾಗಿದ್ದ ಹಕ್ಕಿಗಳು ಬೇಗ ಕಲಿತವು, ಕಾಯಿಸಿದಾಗಲೂ ಕಡಿಮೆ ಮರೆತವು. 1970ರಲ್ಲಿಯೇ ಟ್ರಾಪೋಲ್ಡ್ ಇಲಿಗಳಲ್ಲಿ ಇದರ ಸುಳಿವು ಕಂಡಿದ್ದರು.

ನೀರಿಗಿಂತ ಕಾಳಿನ ಆಸೆ ಜಾಸ್ತಿ ಇದ್ದಿರಬಹುದಲ್ಲ ಎನ್ನಬಹುದು. ಆದರೆ ಕಾಳು, ನೀರು ಎರಡೂ ಗುಂಪಿಗೂ ಸಿಗುತ್ತಿದ್ದವು; ಬೇರೆಯಾಗಿದ್ದದ್ದು ಯಾವುದರ ಬೆನ್ನಿಗೆ ಯಾವುದು ಬರುತ್ತದೆ ಎಂಬ ಖಚಿತತೆ ಮಾತ್ರ. ಪೀಟರ್ಸನ್ ಮತ್ತು ಟ್ರಾಪೋಲ್ಡ್ 1980ರಲ್ಲಿ ಇನ್ನೂ ಚುರುಕಾದ ಪರೀಕ್ಷೆ ಒಡ್ಡಿದರು. ಕಲಿಕೆ ಮುಗಿದ ಮೇಲೆ ಸರಿಯುತ್ತರಗಳನ್ನು ಹಾಗೆಯೇ ಇಟ್ಟು ಬಹುಮಾನಗಳನ್ನಷ್ಟೇ ಅದಲುಬದಲು ಮಾಡಿದರು. ಗೋಂದಿನ ಲೆಕ್ಕ ನಿಜವಾಗಿದ್ದರೆ ಏನೂ ಆಗಬಾರದಿತ್ತು, ಆದರೆ ಹಕ್ಕಿಗಳು ತಪ್ಪತೊಡಗಿದವು. ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು: ನೆನಪು ತಲೆಯಲ್ಲಲ್ಲ, ಕೊಕ್ಕಿನಲ್ಲೇ ಇರಬಹುದು. ಜೆಂಕಿನ್ಸ್ ಮತ್ತು ಮೂರ್ 1973ರಲ್ಲಿ ತೋರಿಸಿದಂತೆ, ಕಾಳು ಬರಲಿದೆ ಎಂದರೆ ಪಾರಿವಾಳ ಗುಂಡಿಯನ್ನು ಕೊಕ್ಕು ತೆರೆದು ಚುರುಕಾಗಿ, ಕಾಳು ಹೆಕ್ಕುವಂತೆಯೇ ಕುಟುಕುತ್ತದೆ. ನೀರಾದರೆ ಕೊಕ್ಕನ್ನು ಹೆಚ್ಚುಕಡಿಮೆ ಮುಚ್ಚಿಕೊಂಡು, ಕುಡಿಯುವಂತೆ ತುಸು ಹೊತ್ತು ಒತ್ತುತ್ತದೆ. ಕಾಯುವಾಗ ಈ ಚಲನೆಯೇ ಗುರುತಾಗಿ ಉಳಿಯುವುದು ಸಾಧ್ಯ. ಉಳಿಯಲಿ, ಒಂದೇ ಗುಂಡಿಯನ್ನು ಎರಡು ರೀತಿ ಕುಟುಕಿಸುವುದೂ ಬರಲಿರುವುದರ ನಿರೀಕ್ಷೆಯೇ ಅಲ್ಲವೇ?

ಹಾಗೆಂದು ನಿರೀಕ್ಷೆ ಸದಾ ಉಪಕಾರಿಯಲ್ಲ. 1969ರಲ್ಲಿ ವಿಲಿಯಮ್ಸ್ ಎಂಬ ಹೆಸರಿನ ಇಬ್ಬರು ಸಂಶೋಧಕರು, ಬೆಳಗಿದ ಗುಂಡಿಯನ್ನು ಕುಟುಕಿದರೆ ಬರಬೇಕಾದ ಕಾಳು ತಪ್ಪಿಹೋಗುವಂತೆ ಏರ್ಪಡಿಸಿದರು. ಪಾರಿವಾಳಗಳು ಕಾಳು ಕಳೆದುಕೊಂಡೂ ಕುಟುಕುತ್ತಲೇ ಹೋದವು. ಇದೆಲ್ಲ ಹಕ್ಕಿಯ ಬುದ್ಧಿಗೆ ಸೀಮಿತ ಎಂದುಕೊಳ್ಳುವವರಿಗೆ ಒಂದು ಮಾತು: ಪ್ರತಿ ಉತ್ತರಕ್ಕೂ ಅದರದೇ ಬಹುಮಾನ ಎಂಬ ಈ ಏರ್ಪಾಟಿನಿಂದ ಡೌನ್ ಸಿಂಡ್ರೋಮ್ ಇರುವ ಮಕ್ಕಳ ಕಲಿಕೆಯೂ ಸುಧಾರಿಸಿದೆ.