ಕೊಬ್ಬರಿ ಗಿಟುಕು ವಿಮಾನ ಹತ್ತುವುದಿಲ್ಲ

ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾದದ್ದು 2007ರಲ್ಲಿ. ಮರುವರ್ಷ ಮೇ ತಿಂಗಳಲ್ಲಿ ಪಕ್ಕದ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಬಾಗಿಲು ತೆರೆಯಿತು. ಜಿಲ್ಲಾ ಕೇಂದ್ರದಿಂದ ಹೆದ್ದಾರಿ ಹಿಡಿದರೆ ಮೂವತ್ತು ಕಿ.ಮೀ. ಆಸುಪಾಸು. ಶಿಡ್ಲಘಟ್ಟದವರು ವಿಜಯಪುರದ ಮೇಲೆ, ಗೌರಿಬಿದನೂರಿನವರು ದೊಡ್ಡಬಳ್ಳಾಪುರದ ಮೇಲೆ ಬರುತ್ತಾರೆ. 2021ರ ಜನವರಿಯಿಂದ ವಿಮಾನ ನಿಲ್ದಾಣಕ್ಕೆಂದೇ ಒಂದು ರೈಲು ನಿಲುಗಡೆಯೂ ಇದೆ, ಅದೂ ಚಿಕ್ಕಬಳ್ಳಾಪುರಕ್ಕೆ ಹೋಗುವ ಹಳಿಯ ಮೇಲೆಯೇ. ಆದರೆ ದೇಶ ಬಿಟ್ಟು ಹೋಗುವವರು ಯಾರೂ ರೈಲಿನಲ್ಲಿ ಬರುವುದಿಲ್ಲ. ಹೋಗುವವನೊಬ್ಬ, ಕಳಿಸಿಕೊಡುವವರು ಹತ್ತು ಜನ. ರಾತ್ರಿ ಊಟ ಮುಗಿಸಿ ಟೆಂಪೊ ಟ್ರಾವೆಲರ್ ಮಾಡಿಕೊಂಡು ಹೊರಟರೆ ಬೆಳಗಿನ ಜಾವದ ವಿಮಾನಕ್ಕೆ ಸರಿಹೋಗುತ್ತದೆ. ಒಂದು ಕಾಲದಲ್ಲಿ ಇದೇ ಕೆಲಸಕ್ಕೆ ಮದ್ರಾಸಿಗೋ ಬೊಂಬಾಯಿಗೋ ಹೋಗಬೇಕಿತ್ತು.

ದಾರಿ ಹತ್ತಿರವಾಯಿತು, ಸರಿ. ಪೆಟ್ಟಿಗೆಯ ಲೆಕ್ಕ ಮಾತ್ರ ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತಿದೆ. ಏನು ಒಯ್ಯಬಹುದು ಎಂಬುದನ್ನು ದೇವನಹಳ್ಳಿ ಪೂರ್ತಿ ತೀರ್ಮಾನಿಸುವುದಿಲ್ಲ. ಆ ತೀರ್ಮಾನದಲ್ಲಿ ಫ್ಲಾರಿಡಾದ ಕಿತ್ತಳೆ ತೋಟಕ್ಕೂ ಆಸ್ಟ್ರೇಲಿಯಾದ ಗೋಧಿ ಕಣಜಕ್ಕೂ ಪಾಲಿದೆ.

ಈ ಸೀಮೆಯಿಂದ ಅಮೆರಿಕಕ್ಕೆ ಹೋದ ಹಿರಿಯರಲ್ಲಿ ಮೊದಲು ನೆನಪಾಗುವವರು ಎಚ್. ನರಸಿಂಹಯ್ಯನವರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. 1935ರಲ್ಲಿ ಓದಲೆಂದು ಊರಿಂದ ಬೆಂಗಳೂರಿಗೆ ನಡೆದೇ ಬಂದವರು ಮುಂದೆ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ 1960ರಲ್ಲಿ ಭೌತವಿಜ್ಞಾನದಲ್ಲಿ ಪಿಎಚ್.ಡಿ. ಪಡೆದರು, ಬೆಂಗಳೂರಿನ ಬಸವನಗುಡಿಗೆ ವಾಪಸು ಬಂದು ಕಾಲೇಜು ಹಾಸ್ಟೆಲಿನ ಕೋಣೆಯಲ್ಲೇ ಬದುಕಿದರು. ಸಾಮಾನು ಕಡಿಮೆ ಇರುವುದು ಅವರಿಗೆ ಕಷ್ಟವೆನಿಸಿರಲಾರದು. ಅವರ ನಂತರದ ತಲೆಮಾರಿನವರು ಹೇಳುವ ಕಥೆ ಬೇರೆ: ವಿದೇಶಿ ವಿನಿಮಯದ ನಿಯಂತ್ರಣ ಬಿಗಿಯಾಗಿದ್ದ ಕಾಲದಲ್ಲಿ ಎಂಟೇ ಎಂಟು ಡಾಲರ್ ಹಿಡಿದು ವಿಮಾನ ಇಳಿದದ್ದು. ಈಗ ಒಂದು ಆರ್ಥಿಕ ವರ್ಷದಲ್ಲಿ ಒಬ್ಬರು ಎರಡೂವರೆ ಲಕ್ಷ ಡಾಲರ್‌ವರೆಗೆ ಬ್ಯಾಂಕಿನ ಮೂಲಕ ಹೊರಗೆ ಕಳಿಸಬಹುದು. ಹಣಕ್ಕಿದ್ದ ಕಟ್ಟು ಸಡಿಲವಾಗಿದೆ, ಅವರೆಕಾಳಿಗೆ ಬಂದಿದೆ.

ಮೊದಲು ತೂಕ. ಅಮೆರಿಕದ ಕಡೆಗೆ ಸಾಮಾನ್ಯ ದರ್ಜೆಯಲ್ಲಿ 23 ಕೆ.ಜಿ.ಯ ಎರಡು ಪೆಟ್ಟಿಗೆ ಎಂಬುದು ಬಹುಕಾಲದ ರೂಢಿ. ಈಗ ಅಗ್ಗದ ಟಿಕೆಟ್‌ಗೆ ಒಂದೇ ಪೆಟ್ಟಿಗೆ ಎನ್ನುವ ಕಂಪನಿಗಳೂ ಇವೆ. ಟಿಕೆಟ್‌ನಲ್ಲಿ ಬರೆದದ್ದನ್ನು ಓದದೆ ಪಕ್ಕದ ಮನೆಯವರ ಮಾತು ನಂಬಬೇಡಿ. ಗಲ್ಫ್ ಕಡೆಗೆ ಒಟ್ಟು ತೂಕದ ಲೆಕ್ಕವೇ ಹೆಚ್ಚು, 30 ಕೆ.ಜಿ. ಸಿಕ್ಕರೆ ಚೆನ್ನಾಗಿ ಸಿಕ್ಕಿತೆಂದು ಅರ್ಥ. ದುಡ್ಡು ಕಟ್ಟಿದರೂ ಒಂದೇ ಪೆಟ್ಟಿಗೆ 32 ಕೆ.ಜಿ. ಮೀರುವಂತಿಲ್ಲ, ಅದನ್ನು ಎತ್ತಿ ಇಳಿಸುವ ಕೆಲಸಗಾರರ ಬೆನ್ನಿನ ಸಲುವಾಗಿ. ಉದ್ದ, ಅಗಲ, ಎತ್ತರ ಕೂಡಿಸಿದರೆ 158 ಸೆಂ.ಮೀ. ಒಳಗಿರಬೇಕು. ರೇಷ್ಮೆಗೂಡನ್ನು ದಿನವೂ ತೂಗುವ ಶಿಡ್ಲಘಟ್ಟದವರಿಗೆ ತಕ್ಕಡಿಯ ಪಾಠ ಬೇಕಿಲ್ಲ. ಆದರೂ ಕೌಂಟರಿನ ಮುಂದೆ ನೆಲದ ಮೇಲೆ ಪೆಟ್ಟಿಗೆ ಬಿಚ್ಚಿ, ಸೀರೆಗಳ ನಡುವಿನಿಂದ ಚಟ್ನಿಪುಡಿಯ ಪೊಟ್ಟಣ ತೆಗೆದು ಹೊರಗಿಡುವ ಸಂಸಾರಗಳನ್ನು ಅಲ್ಲಿ ಯಾವ ರಾತ್ರಿ ಹೋದರೂ ನೋಡಬಹುದು. ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಆ ಪೊಟ್ಟಣವನ್ನು ವಾಪಸು ಕೊಡಲು ಅಮ್ಮ ಅಲ್ಲಿರುವುದಿಲ್ಲ.

ಇನ್ನು ಅಡುಗೆಮನೆ. ನಮ್ಮ ಕಡೆ ಪೆಟ್ಟಿಗೆ ಕಟ್ಟುವುದೆಂದರೆ ಮುಕ್ಕಾಲು ಪಾಲು ಇದೇ ಕೆಲಸ.

ಕೊಬ್ಬರಿ ಗಿಟುಕಿನಿಂದಲೇ ಶುರುಮಾಡೋಣ. ಚಟ್ನಿಪುಡಿಗೆ, ಹುಳಿಪುಡಿಗೆ ಇರಲಿ ಎಂದು ನಾಲ್ಕು ಗಿಟುಕು ಸೇರಿಸದ ತಾಯಿಯಿಲ್ಲ. ಎಣ್ಣೆಯಂಶ ಹೆಚ್ಚಿರುವ ಒಣಕೊಬ್ಬರಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ಪದಾರ್ಥ ಎಂದು ಅಂತರರಾಷ್ಟ್ರೀಯ ವಿಮಾನಯಾನದ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿದೆ. ಆದ್ದರಿಂದ ನಮ್ಮ ವಿಮಾನ ನಿಲ್ದಾಣದಲ್ಲೇ ಅದು ಹೊರಬೀಳುತ್ತದೆ. ಇದಕ್ಕೆ ವಿದೇಶದವರನ್ನು ಬೈಯುವಂತಿಲ್ಲ.

ಕರಿಬೇವಿನದು ಬೇರೆ ಕಥೆ. ಕರಿಬೇವು ನಿಂಬೆ, ಕಿತ್ತಳೆಗಳ ಬಳಗದ ಗಿಡ. ಅದರ ಎಲೆಯ ಮೇಲೆ ಬದುಕುವ ಒಂದು ಪುಟ್ಟ ಕೀಟ ಕಿತ್ತಳೆ ಗಿಡವನ್ನು ಒಣಗಿಸುವ ರೋಗವನ್ನು ಹೊತ್ತು ತಿರುಗುತ್ತದೆ. 2005ರಲ್ಲಿ ಫ್ಲಾರಿಡಾದಲ್ಲಿ ಈ ರೋಗ ಕಾಣಿಸಿಕೊಂಡ ಮೇಲೆ ಅಲ್ಲಿನ ಕಿತ್ತಳೆ ಬೇಸಾಯ ಮತ್ತೆ ಮೇಲೇಳಲಿಲ್ಲ. ನೀವು ಹಿತ್ತಲಿನಿಂದ ಕಿತ್ತು ಕಾಗದದಲ್ಲಿ ಸುತ್ತಿದ ಎರಡು ಎಸಳನ್ನು ಅಮೆರಿಕದ ಅಧಿಕಾರಿ ಕಸದ ಬುಟ್ಟಿಗೆ ಹಾಕುವುದು ಇದಕ್ಕೇ. ದ್ರಾಕ್ಷಿಗೆ ರೋಗ ಬಿದ್ದ ವರ್ಷ ಹೇಗಿರುತ್ತದೆಂದು ಬಲ್ಲ ಚಿಕ್ಕಬಳ್ಳಾಪುರದ ಬೆಳೆಗಾರರಿಗೆ ಇದು ಅನ್ಯಾಯ ಅನ್ನಿಸಬಾರದು.

ಅಕ್ಕಿಗೆ ಅಡ್ಡ ಬಂದದ್ದು ಖಪ್ರಾ ಎಂಬ ಹುಳು. ನಮ್ಮ ಕಡೆಯ ಕಣಜಗಳದೇ ಸಂತಾನ. ವರ್ಷಗಟ್ಟಲೆ ಆಹಾರವಿಲ್ಲದೆ ಮೂಲೆಯಲ್ಲಿ ಅಡಗಿ ಕೂತು ಮತ್ತೆ ಹುಟ್ಟಿಕೊಳ್ಳುವ ಜಾತಿ. 2011ರಿಂದ ಭಾರತದಂಥ ದೇಶಗಳಿಂದ ಪ್ರಯಾಣಿಕರು ತರುವ ಅಕ್ಕಿಯನ್ನು ಅಮೆರಿಕ ಒಳಗೆ ಬಿಡುವುದಿಲ್ಲ. ಆಸ್ಟ್ರೇಲಿಯಾ ಇನ್ನೂ ಮುಂದೆ ಹೋಗಿದೆ. 2020ರಿಂದ ಅಲ್ಲಿ ಪ್ರಯಾಣಿಕರ ಪೆಟ್ಟಿಗೆಯಲ್ಲಿ ಬರಬಾರದವುಗಳ ಪಟ್ಟಿ ಓದಿದರೆ ಚಿಂತಾಮಣಿಯ ಸಂತೆಯಲ್ಲಿ ನಿಂತಂತಾಗುತ್ತದೆ: ಅಕ್ಕಿ, ತೊಗರಿ, ಹೆಸರು, ಅಲಸಂದೆ, ಕಡಲೆಕಾಯಿ, ಒಣಮೆಣಸಿನಕಾಯಿ, ಧನಿಯಾ, ಜೀರಿಗೆ.

ಗಸಗಸೆ ಎಲ್ಲಕ್ಕಿಂತ ಅಪಾಯದ್ದು. ಹಬ್ಬದ ಪಾಯಸಕ್ಕೆಂದು ಒಯ್ಯುವ ಈ ಕಾಳು ದುಬೈ, ಅಬುಧಾಬಿಗಳಲ್ಲಿ ಮಾದಕ ವಸ್ತುವಿನ ಕಾನೂನಿನಡಿ ಬರುತ್ತದೆ, ಸಿಂಗಪುರದಲ್ಲೂ ನಿಷಿದ್ಧ. ಬೇರೆ ಪದಾರ್ಥ ಸಿಕ್ಕಿಬಿದ್ದರೆ ಬುಟ್ಟಿಗೆ ಹೋಗುತ್ತದೆ, ಇದು ಸಿಕ್ಕಿಬಿದ್ದರೆ ಒಯ್ದವನೇ ಒಳಗೆ ಹೋಗಬಹುದು. ಕೆಲವು ನೋವಿನ, ಕೆಮ್ಮಿನ ಔಷಧಿಗಳಿಗೂ ಇದೇ ಮಾತು. ವೈದ್ಯರ ಚೀಟಿಯಿಲ್ಲದೆ ಮಾತ್ರೆ ಒಯ್ಯಬೇಡಿ, ಅಲ್ಲಿರುವ ನೆಂಟರಿಗೆ ಕೊಡಿ ಎಂದು ಯಾರೋ ಕೈಗಿತ್ತ ಪೊಟ್ಟಣವನ್ನಂತೂ ಬಿಚ್ಚಿ ನೋಡದೆ ಒಯ್ಯಲೇಬೇಡಿ.

ಹಾಗಾದರೆ ಏನು ಉಳಿಯಿತು? ನನ್ನನ್ನು ಕೇಳಿದರೆ, ರಾಗಿ ಹಿಟ್ಟು ಹೊತ್ತುಕೊಂಡು ಹೋಗುವುದು ದಂಡ. ಡಲ್ಲಾಸ್, ನ್ಯೂಜೆರ್ಸಿಗಳ ಭಾರತೀಯ ಅಂಗಡಿಗಳಲ್ಲಿ ಸೋನಾಮಸೂರಿಯಿಂದ ಹಿಡಿದು ಡಬ್ಬದಲ್ಲಿ ಹೆಪ್ಪುಗಟ್ಟಿದ ಅವರೆಕಾಳಿನವರೆಗೆ ಎಲ್ಲ ಸಿಗುತ್ತದೆ. ಸಿಗದೇ ಇರುವುದು ಮನೆಯ ಸಾರಿನ ಪುಡಿ, ಹುರಿಹಿಟ್ಟು. ಅಷ್ಟನ್ನು ಚೆನ್ನಾಗಿ ಮುಚ್ಚಿ, ಮೇಲೆ ಹೆಸರು ಬರೆದು, ಕೆಳಗೆ ಹೋಗುವ ಪೆಟ್ಟಿಗೆಯಲ್ಲಿ ಇಡಿ. ಖಾರದ ಪುಡಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಇಳಿದ ಮೇಲೆ ಕೇಳಿದಾಗ ತಿನ್ನುವ ಪದಾರ್ಥವಿದೆ ಎಂದು ಬಾಯಿಬಿಟ್ಟು ಹೇಳಿ. ಹೇಳಿದರೆ ಹೆಚ್ಚೆಂದರೆ ಪೊಟ್ಟಣ ಹೋಗುತ್ತದೆ, ಮುಚ್ಚಿಟ್ಟು ಸಿಕ್ಕಿಬಿದ್ದರೆ ಅಮೆರಿಕದಲ್ಲಿ ದಂಡ, ಆಸ್ಟ್ರೇಲಿಯಾದಲ್ಲಿ ವೀಸಾ ರದ್ದಾಗುವವರೆಗೂ ಹೋಗಬಹುದು. ಮಿಕ್ಸಿಯೂ ಬೇಡ. ನಮ್ಮ ಮಿಕ್ಸಿ 230 ವೋಲ್ಟ್‌ನದು, ಅಮೆರಿಕದ ಕರೆಂಟು 120.

ಗಲ್ಫ್‌ಗೆ ಕೂಲಿಗೆ, ಮನೆಗೆಲಸಕ್ಕೆ ಹೋಗುವವರ ಪೆಟ್ಟಿಗೆ ಹಗುರ, ಕಾಗದದ ಭಾರ ಜಾಸ್ತಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ 1983ರ ವಲಸೆ ಕಾಯ್ದೆಯಡಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕು. ಆ ದೇಶಗಳಿಗೆ ಮನೆಗೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ 30 ವರ್ಷ ತುಂಬಿರಬೇಕು. ಪ್ರವಾಸಿ ವೀಸಾ ಕೊಡಿಸಿ, ಅಲ್ಲಿ ಹೋಗಿ ಬದಲಿಸಿಕೊಳ್ಳೋಣ ಎನ್ನುವ ದಲ್ಲಾಳಿ ಈ ಅನುಮತಿಯನ್ನೂ ಅದರ ಜೊತೆಗಿರುವ ಹತ್ತು ಲಕ್ಷ ರೂಪಾಯಿಯ ವಿಮೆಯನ್ನೂ ತಪ್ಪಿಸುತ್ತಿದ್ದಾನೆ. ಕೆಲಸದ ಕರಾರುಪತ್ರ, ಪಾಸ್‌ಪೋರ್ಟು ಎರಡರದೂ ಒಂದೊಂದು ಪ್ರತಿಯನ್ನು ಮನೆಯಲ್ಲಿ ಇಟ್ಟು ಹೋಗಬೇಕು. ಪಾಸ್‌ಪೋರ್ಟನ್ನು ಮಾಲೀಕ ಕಿತ್ತಿಟ್ಟುಕೊಂಡರೆ ರಾಯಭಾರ ಕಚೇರಿಗೆ ತೋರಿಸಲು ಉಳಿಯುವುದು ಅದೊಂದೇ.

ಮಂಚ, ಬೀರು ಹಡಗಿನಲ್ಲಿ ಕಳಿಸುವವರು ನಮ್ಮಲ್ಲಿ ಅಪರೂಪ. ಕಳಿಸುವುದಾದರೆ ಕೆನಡಾಕ್ಕೆ ಮೊದಲ ಸಲ ಕಾಲಿಡುವಾಗಲೇ ಹಿಂದೆ ಬರಲಿರುವ ಸಾಮಾನಿನ ಪಟ್ಟಿ ಕೊಡಬೇಕು, ತಡವಾದರೆ ಸುಂಕದ ವಿನಾಯಿತಿ ಕೈತಪ್ಪಬಹುದು. ಒಡವೆ ಒಯ್ಯುವವರು ಹೊರಡುವ ಮುನ್ನ ಕಸ್ಟಮ್ಸ್‌ನಲ್ಲಿ ತೋರಿಸಿ ಪ್ರಮಾಣಪತ್ರ ಮಾಡಿಸಿಕೊಂಡರೆ, ವಾಪಸು ತರುವಾಗ ನಿಮ್ಮದೇ ಮಾಂಗಲ್ಯದ ಸರಕ್ಕೆ ಸುಂಕ ಕೇಳುವ ಪ್ರಸಂಗ ಬರುವುದಿಲ್ಲ.

ಪೆಟ್ಟಿಗೆಗೆ ಹಿಡಿಸದ ಸಾಮಾನೊಂದಿದೆ, ಜಮೀನು. ಅನಿವಾಸಿ ಭಾರತೀಯರಾದ ಮೇಲೆ ಕೃಷಿ ಜಮೀನು ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಪಹಣಿಯಲ್ಲಿ ಇನ್ನೂ ತಾತನ ಹೆಸರಿದ್ದರೆ, ಪಾಲುಪಟ್ಟಿ ಆಗಿಲ್ಲದಿದ್ದರೆ ಅದನ್ನು ಮುಗಿಸಿಯೇ ಹೊರಡಿ. ಅಲ್ಲಿಂದ ಅಧಿಕಾರಪತ್ರ ಕಳಿಸುವುದೆಂದರೆ ರಾಯಭಾರ ಕಚೇರಿಯ ಸಾಲು, ಮೊಹರು, ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ. ಇಲ್ಲೇ ಇದ್ದಾಗ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಆ ಕೆಲಸ ಒಂದು ದಿನದ್ದು. ಬ್ಯಾಂಕಿಗೂ ಹೋಗಿ ಖಾತೆಯನ್ನು ಅನಿವಾಸಿಗಳ ಖಾತೆಯಾಗಿ ಬದಲಿಸಿಕೊಳ್ಳಿ. ಎರಡನೇ ಪೆಟ್ಟಿಗೆ ಕೊಳ್ಳುವ ಮೊದಲು ಈ ಎರಡು ಕೆಲಸ ಮುಗಿದಿರಲಿ.