ಆರ್‌ಎಸ್-232
ಆರ್‌ಎಸ್-232 ಎಂಬುದು ಗಣಕಯಂತ್ರ ಮತ್ತು ಇತರ ಸಾಧನಗಳ ನಡುವೆ ದತ್ತಾಂಶವನ್ನು ಒಂದೊಂದೇ ಬಿಟ್‌ನಂತೆ ಸಾಗಿಸುವ ಸರಣಿ ಸಂವಹನದ ಮಾನಕವಾಗಿದೆ. 1960ರಲ್ಲಿ ಅಮೆರಿಕದಲ್ಲಿ ಮೋಡೆಮ್‌ಗಳ ಜೋಡಣೆಗೆಂದು ರೂಪುಗೊಂಡ ಇದು, ಮುಂದೆ ಪ್ರಯೋಗಾಲಯದ ಮಲ್ಟಿಮೀಟರ್, ವಿದ್ಯುನ್ಮಾನ ತಕ್ಕಡಿ ಮೊದಲಾದ ಉಪಕರಣಗಳ ಅಳತೆಗಳನ್ನು ಗಣಕಕ್ಕೆ ಪಡೆಯಲೂ ಬಳಕೆಗೆ ಬಂದಿತು.

ಈ ಬಳಕೆಯಲ್ಲಿ ಸಮಯ ಸೂಚಿಸುವ ಪ್ರತ್ಯೇಕ ತಂತಿ ಇರುವುದಿಲ್ಲ. ಆದ್ದರಿಂದ ಎರಡೂ ಕಡೆ ಒಂದೇ ಬಾಡ್ ದರವನ್ನು ಮೊದಲೇ ಹೊಂದಿಸಿರಬೇಕು. ಇಲ್ಲವಾದರೆ ಅಳತೆಯ ಬದಲು ಅರ್ಥವಿಲ್ಲದ ಅಕ್ಷರಗಳು ಮೂಡುತ್ತವೆ. ಸಾಮಾನ್ಯವಾಗಿ ಪ್ರತಿ ಅಕ್ಷರವೂ ಒಂದು ಆರಂಭ ಬಿಟ್, 8 ದತ್ತಾಂಶ ಬಿಟ್ ಹಾಗೂ ಒಂದು ಅಂತ್ಯ ಬಿಟ್ ಒಳಗೊಂಡಿರುವುದರಿಂದ, 9600 ಬಾಡ್ ದರದಲ್ಲಿ ಸೆಕೆಂಡಿಗೆ ಗರಿಷ್ಠ 960 ಅಕ್ಷರಗಳು ಸಾಗುತ್ತವೆ. ಉತ್ತರವೇ ಬಾರದಿದ್ದರೆ ಮೊದಲು ಕೇಬಲನ್ನು ಪರೀಕ್ಷಿಸುವುದು ಒಳಿತು: ಒಂದರ ಕಳುಹಿಸುವ ಪಿನ್ ಇನ್ನೊಂದರ ಸ್ವೀಕರಿಸುವ ಪಿನ್ನಿಗೆ ಸೇರಿರಬೇಕು.

ಸಂಕೇತದ ವಿಭವವು 1ಕ್ಕೆ −3ರಿಂದ −15 ವೋಲ್ಟ್, 0ಗೆ +3ರಿಂದ +15 ವೋಲ್ಟ್ ಇರುತ್ತದೆ. ಇದನ್ನು 5 ವೋಲ್ಟ್‌ನ ಮೈಕ್ರೋಕಂಟ್ರೋಲರ್‌ಗೆ ನೇರವಾಗಿ ಜೋಡಿಸಿದರೆ ಅದು ಸುಟ್ಟುಹೋಗಬಹುದು.