ಸುಂಕದ ಕಟ್ಟೆಯಲ್ಲಿ ನಿಂತ ಸರಕು

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಅದರೊಳಗಿನ ವ್ಯಥೆ ಬರಿಯ ಹಣದ್ದಲ್ಲ, ಕಾಯುವಿಕೆಯದೂ ಹೌದೆಂದು ನನ್ನ ಭಾವನೆ. ತೆತ್ತ ಸುಂಕ ಸರ್ಕಾರದ ಬೊಕ್ಕಸವನ್ನು ಸೇರುತ್ತದೆ. ಸರಕು ಬಂದರಿನಲ್ಲಿ ಬಿದ್ದುಕೊಂಡು ಕಳೆದುಹೋದ ದಿನಗಳು ಯಾರ ಬೊಕ್ಕಸವನ್ನೂ ಸೇರವು.

ಈ ವಿಳಂಬಕ್ಕೆ ಕಾರಣವೇನು? ಒಂದೇ ಸರಕಿನ ವಿವರವನ್ನು ಸುಂಕದವರು, ಆಹಾರ ಪರೀಕ್ಷಕರು, ಸಸ್ಯರೋಗ ತಡೆಯುವವರು ಬೇರೆ ಬೇರೆಯಾಗಿ ಕೇಳುವುದು. ಸಿಂಗಪುರವು 1989ರಲ್ಲಿ ಈ ಗಂಟನ್ನು ಬಿಡಿಸಿತು. ಟ್ರೇಡ್‌ನೆಟ್ ಎಂಬ ಗಣಕ ಜಾಲದಲ್ಲಿ ವ್ಯಾಪಾರಿ ಒಂದೇ ಅರ್ಜಿ ಸಲ್ಲಿಸಿದರೆ ಅದು ಎಲ್ಲ ಇಲಾಖೆಗಳಿಗೂ ತಲುಪುವಂತಾಯಿತು. ದಿನಗಟ್ಟಲೆ ಹಿಡಿಯುತ್ತಿದ್ದ ಅನುಮತಿ ನಿಮಿಷಗಳಲ್ಲಿ ದೊರೆಯತೊಡಗಿತು.

2013ರಲ್ಲಿ ಬಾಲಿಯಲ್ಲಿ ರೂಪುಗೊಂಡು 2017ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದ ಹಾದಿಯೂ ಇದೇ. ಹಡಗು ಬರುವ ಮೊದಲೇ ಕಾಗದಪತ್ರಗಳ ಪರಿಶೀಲನೆ. ಪ್ರತಿ ಪೆಟ್ಟಿಗೆಗೆ ಬದಲಾಗಿ ಸಂದೇಹಕ್ಕೆ ಎಡೆಗೊಟ್ಟವುಗಳ ತಪಾಸಣೆ. ಸರಕನ್ನು ಬಿಟ್ಟ ಮೇಲೆ ಲೆಕ್ಕದ ತನಿಖೆ. ಬೇಗ ಕೆಡುವ ಪದಾರ್ಥಗಳಿಗೆ ಆದ್ಯತೆ. ಭಾರತವು 2016ರಲ್ಲಿ ಇದನ್ನು ಅನುಮೋದಿಸಿತು. ಅದೇ ವರ್ಷ ಆಮದಿಗೆ ಏಕಗವಾಕ್ಷಿಯನ್ನೂ ತೆರೆಯಿತು.

ಹೀಗಾದರೆ ಕಳ್ಳಸಾಗಣೆ ಹೆಚ್ಚದೇ ಎಂದು ನೀವು ಕೇಳಬಹುದು. ಎಲ್ಲವನ್ನೂ ನೋಡಹೊರಟ ಕಣ್ಣು ಯಾವುದನ್ನೂ ಸರಿಯಾಗಿ ನೋಡಲಾರದು ಎಂಬುದೇ ನನ್ನ ಉತ್ತರ. ಆದರೆ ಗಣಕವನ್ನು ತಂದಿಟ್ಟ ಮಾತ್ರಕ್ಕೆ ಸುಧಾರಣೆ ಮುಗಿಯದು. ಅದರಲ್ಲಿ ತುಂಬಿದ ಅರ್ಜಿಯನ್ನೇ ಮತ್ತೆ ಕಾಗದದಲ್ಲಿ ಕೇಳಿದರೆ, ಇದ್ದ ಒಂದು ಕಟ್ಟೆ ಎರಡಾಯಿತೆಂದೇ ಅರ್ಥ. ದೊಡ್ಡ ಕಂಪನಿ ಕಾಯಬಲ್ಲದು. ಸಾಲ ಮಾಡಿ ಮೊದಲ ಮೂಟೆಯನ್ನು ಹಡಗಿಗೆ ಏರಿಸಿದ ಸಣ್ಣ ವ್ಯಾಪಾರಿ ಕಾಯಲಾರ.